ವೈದ್ಯರು ಕೇಳಿದ್ದು, ನಮ್ಮವರು ಹೇಳಿದ್ದು

ನನ್ನ ಕಾಯಿಲೆಯ ಕಥೆಯನ್ನು ಮೊದಲು ಹೇಳಿದವಳು ನಾನಲ್ಲ. ನನ್ನ ಅವ್ವ ಮತ್ತು ಅಣ್ಣ ಹೇಳಿದರು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ, ಹೆಣ್ಣುಮಕ್ಕಳ ವಾರ್ಡಿನ ಹಿಂದಿನ ಕೋಣೆಯಲ್ಲಿ, ನನ್ನ ಕಬ್ಬಿಣದ ಮಂಚದ ಪಕ್ಕದ ಬೆಂಚಿನ ಮೇಲೆ ಕುಳಿತು, ನನ್ನ ಎದುರಿಗೇ ಹೇಳಿದರು. ನಾನು ಆಗ ಮಾತಾಡುತ್ತಿರಲಿಲ್ಲ. ಮಾತಾಡದವರಿಗೆ ಕಿವಿಯೂ ಕೇಳಿಸುವುದಿಲ್ಲವೆಂದು ಜನ ಹೇಗೋ ನಂಬಿಬಿಡುತ್ತಾರೆ. ನನಗೆ ಎಲ್ಲವೂ ಕೇಳಿಸುತ್ತಿತ್ತು.

ಅದಾಗಿ ಮೂರು ವರ್ಷವಾಯಿತು. ಈಗ ಆ ಕಥೆಯನ್ನು ನಾನೇ ಬರೆಯುತ್ತಿದ್ದೇನೆ. ಅಂಥ ಕೋಣೆಯಲ್ಲಿ ಮಲಗಿದವರು, ಇಲ್ಲವೇ ಅದರ ಬಾಗಿಲ ಹೊರಗೆ ಕಾಯುತ್ತಿರುವವರು ಒಬ್ಬಿಬ್ಬರು ಓದಿದರೆ ಸಾಕು. ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಏನು ಹೆಸರು ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ವೈದ್ಯರು ಎರಡು ಸಲ ಎರಡು ಹೆಸರು ಬರೆದರು. ಆ ಎರಡರ ನಡುವೆ ನಡೆದದ್ದನ್ನಷ್ಟೇ ಹೇಳುತ್ತೇನೆ.

ಮದ್ರಾಸಿನಲ್ಲಿ ಬಿ.ಎ. ಮುಗಿಸಿದ ಮೇಲೆ ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅವ್ವನ ಕಡೆಯ ದೂರದ ಸಂಬಂಧದ ಕಾಕಿಯೊಬ್ಬಳ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಸ್ವಾತಂತ್ರ್ಯ ಬಂದ ಮೂರನೆಯ ವರ್ಷದ ಬೇಸಿಗೆ. ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿ ಕೊಟ್ಟಾಗಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎರಡು ಅಂಕಗಳಿಂದ ಫೇಲಾಗಿದ್ದಳು. ನಾನು ಕೂಡಿದ್ದರಲ್ಲಿ ತಪ್ಪಾಗಿರಬಹುದೇ ಎಂಬ ಒಂದು ಅನುಮಾನ ಒಂದು ಬೆಳಿಗ್ಗೆ ಬಂತು. ಹೆಡ್ಮಾಸ್ತರರ ಮನೆಗೆ ಹೋಗಿ ಪತ್ರಿಕೆ ತೆಗೆಸಿ ನೋಡಿದೆ. ಸರಿಯಿತ್ತು. ಮನೆಗೆ ಬಂದು ಕುಳಿತ ಮೇಲೆ, ನೋಡುವಾಗ ನನ್ನ ಕಣ್ಣೇ ತಪ್ಪಿರಬಹುದು ಎನ್ನಿಸಿತು. ಮರುದಿನ ಮತ್ತೆ ಹೋದೆ. ಮೂರನೆಯ ಸಲ ಹೆಡ್ಮಾಸ್ತರರು ತಾವೇ ಕೂಡಿ ತೋರಿಸಿ, ನೀವು ಊರಿಗೆ ಹೋಗಿ ಹದಿನೈದು ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಖಾತ್ರಿಯಾಯಿತು: ತಪ್ಪಾಗಿದೆ, ಅವರು ಮುಚ್ಚಿಡುತ್ತಿದ್ದಾರೆ.

ಅಲ್ಲಿಂದ ಮುಂದೆ ಅದು ಒಂದು ಪತ್ರಿಕೆಯಲ್ಲಿ ನಿಲ್ಲಲಿಲ್ಲ. ಮೂರು ವರ್ಷದಲ್ಲಿ ತಿದ್ದಿದ ಪತ್ರಿಕೆಗಳೆಲ್ಲ ತಪ್ಪು. ನನ್ನಿಂದ ಶಾಲೆ ಬಿಟ್ಟ ಹುಡುಗಿಯರೆಷ್ಟು, ಅವರಲ್ಲಿ ಮದುವೆ ಮಾಡಿ ಕಳಿಸಲಾದವರೆಷ್ಟು ಎಂದು ಎಣಿಸುತ್ತ ಕೂರುತ್ತಿದ್ದೆ. ಆಮೇಲೆ ಮಾತಿಗೂ ಅದೇ ಆಯಿತು. ಬಾಯಿಂದ ಹೊರಟದ್ದು ತಪ್ಪಾಗಿದ್ದರೆ ಮರಳಿ ತಿದ್ದಲು ಬರುವುದಿಲ್ಲ. ಆದ್ದರಿಂದ ಮಾತು ಬಿಟ್ಟೆ. ಊಟವನ್ನು ಯಾಕೆ ಬಿಟ್ಟೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಕಾರಣ ಈಗ ನೆನಪಿಲ್ಲ. ಕಾಕಿ ಹೆದರಿ ಬಳ್ಳಾರಿಗೆ ಹೇಳಿ ಕಳಿಸಿದಳು. ಅಣ್ಣ ಬಂದು ಬಸ್ಸಿನಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಅವನು ನನ್ನ ಪಕ್ಕ ಕೂರದೆ, ಮುಂದಿನ ಸೀಟಿನಲ್ಲಿ ಕುಳಿತು ಆಗಾಗ ಹಿಂತಿರುಗಿ ನೋಡುತ್ತಿದ್ದ. ಪರಿಚಯದವರು ಹತ್ತಿದರೆ ನಾನು ಅವನ ಜೊತೆಯವಳೆಂದು ತಿಳಿಯದಿರಲಿ ಎಂದಿರಬೇಕು. ಅದಕ್ಕೆ ಅವನನ್ನು ನಾನು ದೂರುವುದಿಲ್ಲ.

ನಮ್ಮದು ಕುರುಗೋಡಿನ ಹತ್ತಿರದ ಬಾದನಹಟ್ಟಿ. ಅಲ್ಲಿ ಹೊಲ, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ, ಅಣ್ಣನಿಗೆ ಹತ್ತಿಯ ದಲಾಲಿ. ಅಪ್ಪ ತೀರಿ ಬಹಳ ವರ್ಷವಾಗಿತ್ತು. ನನ್ನ ಕೆಳಗೆ ತಂಗಿ ಅನ್ನಪೂರ್ಣ. ನನ್ನ ಮದುವೆ ಕೂಡಿ ಬರದೆ ಹೋದದ್ದರಿಂದ ಆ ವರ್ಷ ಅವಳಿಗೆ ನೋಡುತ್ತಿದ್ದರು. ಒಂದು ಸಂಬಂಧ ಮಾತಿನ ಹಂತ ದಾಟಿ ಹತ್ತಿರ ಬಂದಿತ್ತು. ಇಷ್ಟನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಆಸ್ಪತ್ರೆಯ ಏರ್ಪಾಡು ಹೀಗಿತ್ತು. ನನ್ನಂಥವರನ್ನು ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು ಹತ್ತು ದಿನ ಇಟ್ಟುಕೊಂಡು ನೋಡುತ್ತಾರೆ. ಆ ಹತ್ತು ದಿನದಲ್ಲಿ ಡಾಕ್ಟರು ಒಂದು ನಿರ್ಧಾರಕ್ಕೆ ಬರಬೇಕು. ಅವರು ಸರ್ಟಿಫಿಕೇಟು ಬರೆದರೆ ಮ್ಯಾಜಿಸ್ಟ್ರೇಟರು ಸಹಿ ಹಾಕುತ್ತಾರೆ, ರೋಗಿ ಮದ್ರಾಸಿನ ಮಾನಸಿಕ ಆಸ್ಪತ್ರೆಗೆ ಹೋಗುತ್ತಾಳೆ. ಇಲ್ಲವಾದರೆ ಮನೆಗೆ. ಓದುವ ದಿನಗಳಲ್ಲಿ ಆ ಆಸ್ಪತ್ರೆಯ ಗೋಡೆಯನ್ನು ನಾನು ಬಸ್ಸಿನಿಂದ ನೋಡಿದ್ದೆ. ಬಹಳ ಉದ್ದದ ಗೋಡೆ. ಬಸ್ಸು ಅದನ್ನು ದಾಟುವವರೆಗೆ ಗೆಳತಿಯರೊಂದಿಗೆ ಆಡುತ್ತಿದ್ದ ಮಾತು ತಾನಾಗಿ ನಿಲ್ಲುತ್ತಿತ್ತು. ನಮ್ಮ ಪೇಟೆಯಿಂದ ಅಲ್ಲಿಗೆ ಹೋದವರು ಇಬ್ಬರೆಂದು ಕೇಳಿದ್ದೆ. ಅವರು ಮರಳಿ ಬಂದದ್ದನ್ನು ಕೇಳಿರಲಿಲ್ಲ.

ಡಾಕ್ಟರು ಗುಂಟೂರು ಕಡೆಯವರು, ಚಿಕ್ಕ ವಯಸ್ಸಿನವರು. ಈ ಕಾಯಿಲೆಗಳ ಬಗ್ಗೆ ಮದ್ರಾಸಿನಲ್ಲಿ ಕೆಲವು ತಿಂಗಳು ತರಬೇತಿ ಪಡೆದು ಬಂದಿದ್ದರಂತೆ. ಕನ್ನಡ ತಕ್ಕಮಟ್ಟಿಗೆ ತಿಳಿಯುತ್ತಿತ್ತು, ಆಡಲು ತೆಲುಗೇ ಸಲೀಸು. ಅಣ್ಣ ಎರಡೂ ಬಲ್ಲವನಾದ್ದರಿಂದ ಅವನೇ ನಡುವೆ ನಿಂತ. ಡಾಕ್ಟರು ದಪ್ಪ ನೋಟುಬುಕ್ಕು ತೆರೆದು, ಮೊದಲಿನಿಂದ ಹೇಳಿ, ಏನನ್ನೂ ಬಿಡಬೇಡಿ ಎಂದರು. ವಯಸ್ಸು ಕೇಳಿದರು.

“ಇಪ್ಪತ್ಮೂರು ತುಂಬಿ ಇಪ್ಪತ್ನಾಕರಾಗ ಬಿದ್ದಾಳ್ರಿ” ಎಂದಳು ಅವ್ವ.

ಅಣ್ಣ ಶಾಲೆಯ ದಾಖಲೆ ನೆನಪಿಸಿಕೊಂಡು ಇಪ್ಪತ್ತೈದು ಎಂದ. ನನಗೆ ಆಗ ಇಪ್ಪತ್ತಾರು. ಡಾಕ್ಟರು ಎರಡನ್ನೂ ಬರೆದುಕೊಂಡು, ಚಿಕ್ಕವಳಿದ್ದಾಗ ಹೇಗಿದ್ದಳು ಎಂದು ಕೇಳಿದರು. ಎತ್ತಿಕೊಂಡವರ ಕೈಯಲ್ಲಿ ಅತ್ತವಳಲ್ಲ ಎಂದಳು ಅವ್ವ. ಗೆಳತಿಯರು ಇದ್ದಾರೆಯೇ ಎಂದರು.

“ಗೆಳತ್ಯಾರು ಅಂತ ಮನಿಮನಿ ತಿರುಗಾಕಿ ಅಲ್ರಿ ನಮ್ಮ ಹುಡುಗಿ. ಸಾಲಿ ಬಿಟ್ರ ಮನಿ, ಮನಿ ಬಿಟ್ರ ಸಾಲಿ.”

ಮಾತು ನಿಂತು ಎಷ್ಟು ದಿನವಾಯಿತು ಎಂಬುದು ಮುಂದಿನ ಪ್ರಶ್ನೆ.

“ಮೊದಲಿಂದಾನೂ ಮಾತು ಕಮ್ಮಿ ರೀ. ದೊಡ್ಡವರ ಮುಂದ ತಲಿ ಎತ್ತಿದಾಕಿ ಅಲ್ಲ. ನಾಕು ಮಂದಿ ಕುಂತಲ್ಲಿ ಬಂದು ಕೂಡಾಕಿ ಅಲ್ಲ.”

ಈ ಉತ್ತರಗಳನ್ನು ನಾನು ಬಲ್ಲೆ. ಎಂಟು ವರ್ಷದಲ್ಲಿ ನನ್ನನ್ನು ನೋಡಲು ಹನ್ನೊಂದು ಸಲ ಗಂಡಿನ ಕಡೆಯವರು ಬಂದಿದ್ದರು. ಒಳಗೆ ಅವಲಕ್ಕಿಯ ತಟ್ಟೆ ಹಿಡಿದು ಕಾಯುತ್ತ ನಿಂತಾಗ, ಹೊರಗೆ ಪಡಸಾಲೆಯಲ್ಲಿ ಅವ್ವ ಇದೇ ಮಾತುಗಳನ್ನು ಇದೇ ಕ್ರಮದಲ್ಲಿ ಹೇಳುವುದು ಕೇಳಿಸುತ್ತಿತ್ತು. ವಯಸ್ಸಿನಲ್ಲಿ ಮೂರು ಕಡಿಮೆ. ಗೆಳತಿಯರಿಲ್ಲ. ಮಾತು ಕಡಿಮೆ. ತಲೆ ಎತ್ತುವುದಿಲ್ಲ. ಯಾವುದೂ ನಿಜವಲ್ಲ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದೆ. ಐದು ಜನ ಗೆಳತಿಯರು ವಾರಕ್ಕೊಂದು ಪತ್ರ ಬರೆಯುತ್ತಿದ್ದರು. ಅವು ಬಳ್ಳಾರಿಯ ಮನೆಗೆ, ಅವ್ವನ ಕೈಗೇ ಬಂದು ತಲುಪುತ್ತಿದ್ದವು. ಅವ್ವ ಡಾಕ್ಟರಿಗೆ ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ಪರ ಊರಿನ ಗಂಡಸೊಬ್ಬರು ಕುರ್ಚಿಯ ಮೇಲೆ ಕುಳಿತು ಮಗಳ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳತೊಡಗಿದಾಗ, ಅವಳಿಗೆ ಬರುತ್ತಿದ್ದುದು ಅದೊಂದೇ ಬಗೆಯ ಉತ್ತರ.

ಕೊನೆಗೆ ಡಾಕ್ಟರು, ಮನೆತನದಲ್ಲಿ ಹಿಂದೆ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ ಎಂದು ಕೇಳಿದರು. ಅಣ್ಣ ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಅವ್ವ ಹೇಳಿಬಿಟ್ಟಳು.

“ಇಲ್ರಿ. ನಮ್ಮ ಮನಿತನದಾಗ ನೆಗಡಿ ಬಿಟ್ರ ಮತ್ತೇನೂ ಇಲ್ರಿ.”

ಡಾಕ್ಟರು ಅದನ್ನೂ ಬರೆದುಕೊಂಡರು. ಅದು ನಿಜವೋ ಸುಳ್ಳೋ ಎಂಬುದು ನನಗೂ ಆಗ ತಿಳಿದಿರಲಿಲ್ಲ.

ಮರುದಿನ ಅವರು ನನ್ನನ್ನೇ ಪರೀಕ್ಷಿಸಿದರು. ಇಂಗ್ಲಿಷಿನಲ್ಲಿ, ನಿಧಾನವಾಗಿ, ಮರ್ಯಾದೆಯಿಂದ ಕೇಳಿದರು. ಇದು ಯಾವ ಊರು, ಇವತ್ತು ಯಾವ ವಾರ, ಯಾರಾದರೂ ಕಾಣದವರು ಮಾತಾಡುವುದು ಕೇಳಿಸುತ್ತದೆಯೇ. ಪ್ರತಿ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು. ಅದು ಸರಿಯೆಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ತೊಂಬತ್ತಮೂರು. ಅದಕ್ಕೆ ಏಳು ಕೂಡಿ ನೋಡಿದೆ, ನೂರಾಯಿತು. ಎಂಬತ್ತಾರು, ಮತ್ತೆ ಕೂಡಿ ನೋಡಿದೆ. ಹೀಗೆ ಮನಸ್ಸಿನಲ್ಲೇ ಐವತ್ತೊಂದಕ್ಕೆ ಬಂದಾಗ ನೋಡಿದರೆ ಕುರ್ಚಿ ಖಾಲಿಯಿತ್ತು.

ಆ ದಿನಗಳು ಹೇಗೆ ಕಳೆದವೆಂದು ಕೇಳುವವರಿಗೆ ನಾನು ಹುಸೇನಬಿಯ ಬಗ್ಗೆ ಹೇಳುತ್ತೇನೆ. ಅವಳು ಆ ವಾರ್ಡಿನ ಆಯಾ. ಮೂರನೆಯ ದಿನ ನರ್ಸು ಬಂದು, ನಾಳೆಯೂ ತಿನ್ನದಿದ್ದರೆ ಮೂಗಿನಿಂದ ರಬ್ಬರಿನ ನಳಿಗೆ ಇಳಿಸಿ ಗಂಜಿ ಹಾಕಬೇಕಾಗುತ್ತದೆ ಎಂದು ಅವ್ವನಿಗೆ ಹೇಳಿ ಹೋದಳು. ಅವ್ವ ಅಳುತ್ತಾ ಚಮಚವನ್ನು ನನ್ನ ತುಟಿಗೆ ಒತ್ತಿದಳು. ಹಾಗೆ ಒತ್ತಿದಷ್ಟೂ ಬಾಯಿ ಬಿಗಿಯುತ್ತಿತ್ತು. ಹುಸೇನಬಿ ಅವ್ವನನ್ನು ಹೊರಗೆ ಕಳಿಸಿ, ಬಟ್ಟಲನ್ನು ಮಂಚದ ಅಂಚಿಗೆ ಇಟ್ಟು, ನನಗೆ ಬೆನ್ನು ಮಾಡಿ ನೆಲ ಒರೆಸಲು ಕುಳಿತಳು.

“ನೀ ತಿಂದ್ರ ತಿನ್ನು, ಬಿಟ್ರ ಬಿಡು ಬೇಟಿ. ನಾ ತಿರುಗಿ ನೋಡಂಗಿಲ್ಲ. ಈ ಕ್ವಾಣಿ ದೊಡ್ದೈತಿ, ಒರಸಾಕ ತ್ರಾಸಾಗ್ತೈತಿ.”

ಆ ಕೋಣೆ ನಾಲ್ಕು ಹೆಜ್ಜೆ ಉದ್ದವಿತ್ತು, ಅಷ್ಟೇ. ಅವಳು ಅದನ್ನು ಅರ್ಧ ಗಂಟೆ ಒರೆಸಿದಳು. ನಾನು ಮೂರು ಚಮಚ ತಿಂದೆ. ನೋಡುವವರಿಲ್ಲದ ಕಡೆ ಮಾಡಿದ್ದನ್ನು ತಪ್ಪೆಂದು ಯಾರೂ ಹಿಡಿಯಲಾರರು ಎಂಬ ಲೆಕ್ಕವಿರಬೇಕು. ಅಂದಿನಿಂದ ದಿನಕ್ಕೆರಡು ಸಲ ಅವಳು ನೆಲ ಒರೆಸಿದಳು. ನಳಿಗೆಯ ಮಾತು ಮತ್ತೆ ಬರಲಿಲ್ಲ. ರಾತ್ರಿಗೊಂದು ನಿದ್ದೆಯ ಔಷಧಿ ಕೊಡುತ್ತಿದ್ದರು. ಅದರ ವಾಸನೆ ಮರುದಿನ ಮಧ್ಯಾಹ್ನದವರೆಗೂ ಉಸಿರಿನಲ್ಲಿ ಉಳಿಯುತ್ತಿತ್ತು. ಆಸ್ಪತ್ರೆಯ ದಿನಗಳಲ್ಲಿ ನನಗೆ ನಿಜವಾಗಿ ಕೆಟ್ಟದ್ದೆನಿಸಿದ ವಸ್ತು ಅದೊಂದೇ.

ಏಳನೆಯ ದಿನ ಡಾಕ್ಟರು ಅಣ್ಣನನ್ನು ಕರೆದು, ತಾವು ಬರೆದುಕೊಂಡದ್ದರ ಸಾರಾಂಶವನ್ನು ಓದಿದರು. ಅದು ಇಂಗ್ಲಿಷಿನಲ್ಲಿತ್ತು. ಆಮೇಲೆ ತೆಲುಗಿನಲ್ಲಿ ವಿವರಿಸಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿ ಕೇಳಿದೆ. ಬಾಲ್ಯದಿಂದ ಮೌನಿ. ಗೆಳೆತನವಿಲ್ಲ. ಜನರನ್ನು ತಪ್ಪಿಸುತ್ತಾಳೆ, ಮುಖ ಕೊಟ್ಟು ನೋಡುವುದಿಲ್ಲ. ವಯಸ್ಸು ಖಚಿತವಿಲ್ಲ, ಸರಳ ಲೆಕ್ಕ ಬರುವುದಿಲ್ಲ. ಮನೆತನದಲ್ಲಿ ಕಾಯಿಲೆ ಇಲ್ಲ. ಇದು ಈಗ ಬಂದ ಕಾಯಿಲೆಯಲ್ಲ, ವರ್ಷಗಳಿಂದ ಒಳಗೊಳಗೇ ಬೆಳೆದು ಈಗ ಹೊರಬಿದ್ದಿದೆ; ಇಂಥದ್ದು ಮನೆಯಲ್ಲಿ ವಾಸಿಯಾಗುವುದಿಲ್ಲ; ಮದ್ರಾಸಿಗೆ ಕಳಿಸುವುದೇ ಸರಿ. ಹತ್ತನೆಯ ದಿನ ಸರ್ಟಿಫಿಕೇಟು ಬರೆಯುತ್ತೇನೆ ಎಂದರು. ಅವರ ದನಿಯಲ್ಲಿ ಅನುಕಂಪವಿತ್ತು.

ವಿದ್ಯಾರ್ಥಿಯ ಉತ್ತರ ಓದುವಂತೆ ನಾನದನ್ನು ಕೇಳಿದ್ದೆ. ಒಂದೊಂದು ಹೆಜ್ಜೆಯೂ ಕ್ರಮವಾಗಿತ್ತು. ಅವರಿಗೆ ಕೊಟ್ಟ ಅಂಕಿಗಳೇ ತಪ್ಪು. ಅದನ್ನು ಹೇಳಬೇಕೆಂದು ನನಗೆ ಅನಿಸಿತು. ಆದರೆ ಅನಿಸಿದ್ದಕ್ಕೂ ನಾಲಿಗೆಗೂ ನಡುವೆ ದಾರಿ ಇರಲಿಲ್ಲ. ಇದನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ.

ಡಾಕ್ಟರು ಹೋದ ಮೇಲೆ ಅವ್ವ ಬೆಂಚಿನ ಮೇಲೆ ಕುಸಿದು ಕುಳಿತಳು. ಹೋದವರು ತಿರುಗಿ ಬರುವುದಿಲ್ಲವಂತೆ, ಬೇಡ ಎಂದಳು. ಅಣ್ಣ ಆಗಲೇ ಬೇರೆ ದಾರಿಯಲ್ಲಿ ಯೋಚಿಸಿದ್ದ. ಇಲ್ಲಿ ಇಟ್ಟುಕೊಂಡರೆ ಪೇಟೆಯವರ ಕಣ್ಣಿಗೆ ಬೀಳುತ್ತದೆ. ಅನ್ನಪೂರ್ಣಳಿಗೆ ನೋಡಿದ ಗಂಡಿನ ಸೋದರಮಾವ ಎರಡು ಓಣಿಯ ಆಚೆಯೇ ಇರುವುದು.

“ಮಾಸ್ತರ ಟ್ರೇನಿಂಗಿಗೆ ಮದ್ರಾಸಿಗೆ ಹೋಗ್ಯಾಳ ಅಂತ ಹೇಳಿದ್ರಾತು” ಎಂದ. “ಓದಿದ ಹುಡುಗಿ, ಯಾರಿಗೂ ಸಂಶೇ ಬರಂಗಿಲ್ಲ.”

ಅವನು ಕ್ರೂರಿಯಲ್ಲ. ಒಬ್ಬಳು ಹೇಗೂ ಹೋದಳು, ಇನ್ನೊಬ್ಬಳನ್ನಾದರೂ ಉಳಿಸಿಕೊಳ್ಳೋಣ ಎಂಬ ಲೆಕ್ಕ. ಬುತ್ತಿ ತಂದಿದ್ದ ಅನ್ನಪೂರ್ಣ ಬಾಗಿಲಲ್ಲಿ ನಿಂತು ಇಬ್ಬರ ಮಾತನ್ನೂ ಕೇಳಿದಳು. ಖಾಲಿ ಪಾತ್ರೆ ಎತ್ತಿಕೊಂಡು ಹೋದಳು. ಮರುದಿನ ಅವಳು ಬರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಬಂದಾಗ ಜೊತೆಯಲ್ಲಿ ನಾಗತ್ತೆ ಇದ್ದಳು. ನಾಗತ್ತೆ ಅಪ್ಪನ ಅಕ್ಕ. ಅವಳನ್ನು ಕೊಟ್ಟದ್ದು ಕುರುಗೋಡಿಗೆ. ಗಂಡನ ಮನೆಯವರು ಮೂಲದಲ್ಲಿ ಆಂಧ್ರದ ಕಡೆಯವರಾದ್ದರಿಂದ ಅವಳಿಗೆ ತೆಲುಗು ಕನ್ನಡದಷ್ಟೇ ಸರಾಗ. ಎತ್ತರದ, ಗಟ್ಟಿ ದನಿಯ ಹೆಂಗಸು. ಎರಡು ಎಮ್ಮೆ ಕಟ್ಟಿಕೊಂಡು ಬೆಣ್ಣೆ ವ್ಯಾಪಾರ ಮಾಡುತ್ತಿದ್ದಳು. ನಮ್ಮ ಮನೆಗೆ ಬಂದುಹೋಗುತ್ತಿದ್ದಳು. ಗಂಡಿನ ಕಡೆಯವರು ಬರುವ ದಿನ ಮಾತ್ರ ಅವಳು ಇರುತ್ತಿರಲಿಲ್ಲ. ಬಂದಿದ್ದರೂ ಬೆಳಿಗ್ಗೆಯೇ ಯಾರದಾದರೂ ಮನೆಗೆ ಕಳಿಸಿಬಿಡುತ್ತಿದ್ದರು. ಅವಳ ಬಾಯಿ ಜೋರು, ಅದಕ್ಕೆ ಎಂದು ನಾನು ತಿಳಿದಿದ್ದೆ.

ಅವಳನ್ನು ನೋಡಿದೊಡನೆ ಅಣ್ಣ ಎದ್ದು ಬಾಗಿಲಿಗೆ ಬಂದ. “ನೀ ಯಾಕ ಬಂದಿ ಅತ್ತಿ, ಮನಿಗೆ ನಡಿ, ಅಲ್ಲಿ ಮಾತಾಡೂಣು” ಎಂದ. ಅವಳು ಅವನನ್ನು ದಾಟಿ ಬಂದು ನನ್ನ ಮಂಚದ ಮೇಲೆ ಕುಳಿತಳು. ಡಾಕ್ಟರು ಬಂದಾಗ ಎದ್ದು ನಿಲ್ಲಲೂ ಇಲ್ಲ. ಅವಳ ಮಾತು ಅರ್ಧ ತೆಲುಗಿನಲ್ಲಿತ್ತು; ನಾನು ಕನ್ನಡದಲ್ಲೇ ಬರೆಯುತ್ತೇನೆ.

“ಬರಕೋರಿ ಡಾಕ್ಟರೇ. ನನ್ನ ಹೆಸರು ನಾಗವ್ವ. ಈಕಿ ಅಪ್ಪನ ಅಕ್ಕ. ಎರಡನೇ ಕೂಸು ಹುಟ್ಟಿದ ವರ್ಸ ನಾನೂ ಹಿಂಗಽ ಗ್ವಾಡಿ ಕಡಿ ಮಾರಿ ಮಾಡಿ ಕುಂತಿದ್ದೆ. ಮಾತಿಲ್ಲ, ಕೂಳಿಲ್ಲ. ಕೂಸಿಗೆ ಹಾಲು ಕುಡಿಸಿದ್ರ ಇಸ ಆಗ್ತೈತಿ ಅಂತ ನನ್ನ ತಲ್ಯಾಗ. ಕಾಲಿಗೆ ಹಗ್ಗ ಹಾಕಿ ಕಂಬಕ್ಕ ಕಟ್ಟಿದ್ರು.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅಕಿಗೆ ಆಗ ಇಸಮಜರ ಬಂದಿತ್ತು ರೀ” ಎಂದಳು, ಯಾರಿಗೂ ಅಲ್ಲವೆಂಬಂತೆ. ನಾಗತ್ತೆಯ ಆ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಹೇಳುತ್ತಿದ್ದುದು ವಿಷಮಜ್ವರವೆಂದೇ.

“ಜರ ಅಂತ ನೀವಂದ್ರಿ ತಂಗಿ, ನಾ ಅನ್ನಲಿಲ್ಲ” ಎಂದಳು ನಾಗತ್ತೆ. ಆ ದನಿಯಲ್ಲಿ ಜಗಳವಿರಲಿಲ್ಲ.

ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತರು. ನಿದ್ದೆ ಬರುತ್ತಿತ್ತೇ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಸಾಯಬೇಕೆನಿಸಿತ್ತೇ ಎಂದು ಅವಳನ್ನು ಒಂದೊಂದಾಗಿ ಕೇಳಿದರು. ಅವಳು ಎಮ್ಮೆಗೆ ಬಂದ ರೋಗದ ಬಗ್ಗೆ ಹೇಳುವಂತೆ ಹೇಳಿದಳು. ಆಮೇಲೆ ಅವರು ನನ್ನ ಕಡೆ ಕೈತೋರಿ, ಈಕೆ ಚಿಕ್ಕಂದಿನಿಂದ ಮಾತು ಕಡಿಮೆಯಲ್ಲವೇ ಎಂದರು. ನಾಗತ್ತೆ ನಕ್ಕಳು. ಆ ಕೋಣೆಯಲ್ಲಿ ಒಂಬತ್ತು ದಿನದಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

“ಯಾರು, ಈಕೀನಾ? ಹದಿನಾಕು ವರ್ಸದಾಕಿ ಇದ್ದಾಗ ನಮ್ಮೂರ ಕರಣಂ ಹೊಲದ ಅಳತಿ ತಪ್ಪು ಬರದಾನ ಅಂತ ಚಾವಡಿಗೆ ಹೋಗಿ ಆತನ ಮುಂದ ನಿಂತು ವಾದ ಮಾಡಿ ತಿದ್ದಿಸಿದಾಕಿ. ಮಾತು ಕಮ್ಮಿ ಅಂತ ನಿಮಗ ಯಾರು ಹೇಳಿದ್ರು? ಅದು ಗಂಡಿನ ಕಡಿಯವ್ರಿಗೆ ಹೇಳೂದು.”

ಡಾಕ್ಟರು ಅಣ್ಣನನ್ನು ನೋಡಿದರು. ಮತ್ತೆ ಅವರು ನಾಗತ್ತೆಯನ್ನು, ನಿಮ್ಮ ಕಾಯಿಲೆ ಹೇಗೆ ವಾಸಿಯಾಯಿತು ಎಂದು ಕೇಳಿದರು. ಯಾವ ದೇವರಿಗೂ ಹರಕೆ ಮುಟ್ಟಿಸಿದ್ದರಿಂದಲ್ಲ, ತಾನಾಗಿಯೇ ಇಳಿಯಿತು, ಜೋಳದ ಸುಗ್ಗಿಯ ಹೊತ್ತಿಗೆ ಎದ್ದು ಕೊಯ್ಲಿಗೆ ಹೋದೆ ಎಂದಳು.

“ಸುಗ್ಗಿ ಅಂದ್ರ ಎಷ್ಟು ತಿಂಗಳಾತು, ಅತ್ತಿ?”

ಇದನ್ನು ಕೇಳಿದವಳು ನಾನು. ನನ್ನ ದನಿ ನನಗೇ ಗುರುತು ಸಿಗಲಿಲ್ಲ; ಇಪ್ಪತ್ತಮೂರು ದಿನ ಅದನ್ನು ಬಳಸಿರಲಿಲ್ಲ. ಮಾತಾಡಬೇಕೆಂದು ನಿರ್ಧರಿಸಿ ಆಡಿದ್ದಲ್ಲ. ಇದಕ್ಕೊಂದು ಅವಧಿ ಇದೆ, ಇದು ಒಬ್ಬಳಿಗೆ ಬಂದು ಒಂದು ದಿನ ಹೋಗಿತ್ತು ಎಂಬುದು ಅಲ್ಲಿಯವರೆಗೆ ನನ್ನ ಯಾವ ಲೆಕ್ಕದಲ್ಲೂ ಬಂದಿರಲಿಲ್ಲ. ಆ ಒಂದು ಸಂಖ್ಯೆ ನನಗೆ ಬೇಕಿತ್ತು.

ಅವ್ವ ಏಳಲು ಹೋದಳು. ಡಾಕ್ಟರು ಕೈಯೆತ್ತಿ ಕೂರಿಸಿದರು. ನಾಗತ್ತೆ ಬೆರಳು ಮಡಚಿ ಎಣಿಸಿದಳು.

“ಎಂಟು” ಎಂದಳು. “ಎಂಟು ತಿಂಗಳಿಗೆ ಒಂದು ವಾರ ಕಮ್ಮಿ. ನಾಗರಪಂಚಮಿಗೆ ಹತ್ತಿ, ಯುಗಾದಿಗೆ ಮುಂಚೆ ಇಳೀತು. ಐದು ವರ್ಸದ ಮ್ಯಾಲ ಇನ್ನೊಮ್ಮೆ ಬಂತು, ಮೂರು ತಿಂಗಳಿಗೇ ಹೋತು. ಈಗ ನೋಡು, ಹೆಂಗದೀನಿ?”

ಡಾಕ್ಟರು ಅವ್ವನನ್ನೂ ಅಣ್ಣನನ್ನೂ ಹೊರಗೆ ಕಳಿಸಿದರು. ನೋಟುಬುಕ್ಕಿನಲ್ಲಿ ಹೊಸ ಪುಟ ತೆರೆದು, ಮೊದಲಿನಿಂದ ಶುರುಮಾಡೋಣ ಎಂದರು. ಈ ಸಲ ನನ್ನನ್ನು ಕೇಳಿದರು. ಎಲ್ಲದಕ್ಕೂ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಒಂದು ಪ್ರಶ್ನೆಗೂ ಮುಂದಿನದಕ್ಕೂ ನಡುವೆ ಅವರು ಕಿಟಕಿಯ ಹೊರಗೆ ನೋಡುತ್ತ ಕಾದರು. ವಯಸ್ಸು ಇಪ್ಪತ್ತಾರು ಎಂದೆ. ಅವರು ಹಿಂದಿನ ಪುಟ ತಿರುವಿದರು. ಇಪ್ಪತ್ತೈದು ಶಾಲೆಯದು, ಇಪ್ಪತ್ತಮೂರು ಮದುವೆಯದು ಎಂದು ನಾನು ಹೇಳಿದೆ. ಅವರ ಮುಖದಲ್ಲಿ ಮೊದಲ ಬಾರಿ ನಗು ಕಂಡೆ. ತಮ್ಮ ಅಕ್ಕನಿಗೂ ನಾಲ್ಕು ವರ್ಷ ಸತತವಾಗಿ ಹತ್ತೊಂಬತ್ತೇ ಇತ್ತು ಎಂದರು.

ಉತ್ತರ ಪತ್ರಿಕೆಯ ವಿಷಯವನ್ನೂ ಅಂದೇ ಹೇಳಿದೆ. ಅದು ತಪ್ಪಲ್ಲವೆಂದು ಅವರು ವಾದಿಸಲಿಲ್ಲ. ನಿಮಗೆ ಹಾಗನ್ನಿಸಲು ಶುರುವಾದ ದಿನ ಯಾವುದು ಎಂದಷ್ಟೇ ಕೇಳಿದರು. ನನಗೆ ದಿನ ನೆನಪಿತ್ತು, ಹೇಳಿದೆ. ಹಾಗಾದರೆ ಅದರ ಹಿಂದಿನ ದಿನ ನೀವು ಚೆನ್ನಾಗಿದ್ದಿರಿ ಎಂದು ಬರೆದುಕೊಂಡರು. ಆ ವಾಕ್ಯವನ್ನು ನಾನು ಮುಂದೆ ಬಹಳ ಕಾಲ ಹಿಡಿದುಕೊಂಡಿದ್ದೆ.

ಮದ್ರಾಸಿನ ಸರ್ಟಿಫಿಕೇಟನ್ನು ಅವರು ಬರೆಯಲಿಲ್ಲ. ಇನ್ನೂ ಹತ್ತು ದಿನಕ್ಕೆ ಅಪ್ಪಣೆ ಪಡೆದು ಇಟ್ಟುಕೊಂಡರು, ಕಾಯಿಲೆಗೆ ಬೇರೆ ಹೆಸರು ಬರೆದರು, ಆಮೇಲೆ ನನ್ನನ್ನು ನಾಗತ್ತೆಯ ಜೊತೆ ಕುರುಗೋಡಿಗೆ ಕಳಿಸಿದರು. ಸತ್ಯನಾರಾಯಣಪೇಟೆಯ ಮನೆ ಬೇಡ, ಅಲ್ಲಿ ನೋಡಲು ಬರುವವರು ಹೆಚ್ಚು ಎಂಬುದು ಅವರ ಅಭಿಪ್ರಾಯ.

ಕುರುಗೋಡಿನಲ್ಲಿ ನಾನು ಕೂಡಲೇ ಗುಣವಾಗಲಿಲ್ಲ. ಗುಂಡುಬಂಡೆಗಳ ಗುಡ್ಡದ ಕೆಳಗಿನ ಆ ಮನೆಯಲ್ಲಿ ಮೊದಲ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಂತೆಯೇ ಇದ್ದೆ. ದಿನಕ್ಕೆ ನಾಲ್ಕು ಮಾತು, ಅಷ್ಟೇ. ಈಗ ಹೇಗಿದೆ ಎಂದು ನಾಗತ್ತೆ ಒಮ್ಮೆಯೂ ಕೇಳಲಿಲ್ಲ. ಬೆಳಿಗ್ಗೆ ಮಜ್ಜಿಗೆ ಕಡೆಯಲು ಕೂರಿಸುತ್ತಿದ್ದಳು. ಬೆಣ್ಣೆ ಬಂದದ್ದು ಕಣ್ಣಿಗೆ ಕಾಣುತ್ತದೆ. ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸಬೇಕಾದ್ದಿಲ್ಲ. ಆ ಕೆಲಸವನ್ನು ಅವಳು ತಿಳಿದು ಕೊಟ್ಟಳೋ, ಕೈ ಸಾಲದ್ದಕ್ಕೆ ಕೊಟ್ಟಳೋ ಗೊತ್ತಿಲ್ಲ. ಕಾಯಿಲೆ ಹತ್ತಿದಂದಿನಿಂದ ಎಣಿಸಿದರೆ ಆರು ತಿಂಗಳು ಹನ್ನೊಂದು ದಿನಕ್ಕೆ, ಒಂದು ಬೆಳಿಗ್ಗೆ ಮುಖ ತೊಳೆಯುವಾಗ, ಎದ್ದಾಗಿನಿಂದ ನಾನು ಏನನ್ನೂ ಮರಳಿ ಕೂಡಿ ನೋಡಿಲ್ಲ ಎಂಬುದು ತಿಳಿಯಿತು.

ಈಗ ಬಳ್ಳಾರಿಯಲ್ಲೇ ಕಲಿಸುತ್ತೇನೆ. ಕಳೆದ ವರ್ಷ ಅದು ಮತ್ತೆ ಬಂತು. ಮೂರನೆಯ ದಿನವೇ ನಾನಾಗಿ ಆಸ್ಪತ್ರೆಗೆ ಹೋದೆ. ಹಳೆಯ ಡಾಕ್ಟರಿಗೆ ವರ್ಗವಾಗಿತ್ತು. ಹೊಸಬರಿಗೆ ಮೊದಲಿನಿಂದ ಎಲ್ಲವನ್ನೂ ನಾನೇ ಹೇಳಿದೆ, ನಾಗತ್ತೆಯ ಎರಡು ಸಲದ ಲೆಕ್ಕವನ್ನೂ ಸೇರಿಸಿ. ಹದಿನೈದು ನಿಮಿಷ ಸಾಕಾಯಿತು. ಏಳು ವಾರದಲ್ಲಿ ಹೋಯಿತು. ಇನ್ನೊಮ್ಮೆ ಬರಬಹುದು. ನಾನು ಆಸ್ಪತ್ರೆಗೆ ಹೋದ ಆ ದಿನ ಅವ್ವ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಮೊದಲ ಸಲದ ಬಗ್ಗೆ ಅವಳು ನನ್ನೊಡನೆ ಮಾತಾಡಿದ್ದು ಆ ದಿನ ಮಾತ್ರ, ಮನೆಗೆ ನಡೆದು ಬರುವಾಗ. “ಆತ ಕೇಳಿದ ಕೂಡ್ಲೆ ಬಾಯಿಗೆ ಅದಽ ಬಂತು ನೋಡವ್ವ” ಎಂದಳು. ನನಗೆ ಗೊತ್ತು ಎಂದೆ.

ಅನ್ನಪೂರ್ಣಳಿಗೆ ಈ ವರ್ಷ ಮದುವೆಯಾಯಿತು. ಗಂಡ ಹಳ್ಳಿಯ ಶಾಲೆಯ ಮಾಸ್ತರ. ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಹೇಳಿಯೇ ಆದ ಮದುವೆ. ಆದರೆ ನಾನು ಬರೆಯಬೇಕಾದದ್ದು ಅದಕ್ಕಿಂತ ಮೊದಲಿನದು, ನಾನು ಕುರುಗೋಡಿಗೆ ಹೋದ ಮೂರನೆಯ ತಿಂಗಳಿನದು.

ಅಂದು ಮಧ್ಯಾಹ್ನ ಅವಳು ಬಸ್ಸಿನಿಂದಿಳಿದು ಬಂದಳು. ನಾಗತ್ತೆ ಮುಂದೆ ಸುರಿದಿದ್ದ ಶೇಂಗಾ ರಾಶಿಯ ಪಕ್ಕ ಕುಳಿತು, ಸುಲಿಯುತ್ತಾ ಬಳ್ಳಾರಿಯ ಸುದ್ದಿ ಹೇಳಿದಳು. ಅಣ್ಣನ ಕೆಮ್ಮು, ಬಾವಿಯ ಹಗ್ಗ ಹರಿದದ್ದು, ನನ್ನ ಗೆಳತಿಯರಿಂದ ಬಂದ ಪತ್ರಗಳು. ಅದೇ ದನಿಯಲ್ಲಿ, ಆ ಸಂಬಂಧ ಮುರಿದುಹೋಯಿತು ಎಂದಳು. ನಾಗತ್ತೆ ಆಸ್ಪತ್ರೆಯಲ್ಲಿ ಹೇಳಿದ್ದು ವಾರ್ಡಿನಿಂದ ಹೊರಬಿದ್ದು, ಗಂಡಿನ ಸೋದರಮಾವನ ಮನೆಗೆ ಅಂದೇ ಸಂಜೆ ಮುಟ್ಟಿತ್ತಂತೆ. ಅವರು ಏನೂ ಕೇಳಿ ಕಳಿಸಲಿಲ್ಲ; ಬರುವುದನ್ನು ನಿಲ್ಲಿಸಿದರು.

ನಾಗತ್ತೆಯ ಕಾಯಿಲೆಯ ವಿಷಯ ಅವಳಿಗೆ ಎರಡು ವರ್ಷದಿಂದ ತಿಳಿದಿತ್ತು. ನನ್ನನ್ನು ನೋಡಲು ಯಾರೋ ಬಂದಿದ್ದ ದಿನ, ನಾಗತ್ತೆಯನ್ನು ಮನೆಯಿಂದ ಹೊರಗೆ ಕರೆದೊಯ್ಯುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದರು. ಯಾಕೆಂದು ನಾಗತ್ತೆಯೇ ಹೇಳಿದ್ದಳು. ಹಾಗಿದ್ದರೆ, ಅತ್ತೆಯನ್ನು ಕರೆದುಕೊಂಡು ಬಂದರೆ ಹೀಗಾಗುವುದೆಂದು ಅವಳಿಗೆ ಅಂದೇ ಗೊತ್ತಿತ್ತೇ ಎಂದು ನಾನು ಕೇಳಿದೆ. ಕೇಳಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು.

“ಗೊತ್ತಿತ್ತಕ್ಕ. ಅದಕ್ಕಽ ಅತ್ತೀಗೆ ಬಾ ಅಂತ ಕಾರ್ಡ್ ಬರೀಲಿಲ್ಲ. ಕಾರ್ಡ್ ಬರದ್ರ ಟಪಾಲ್ ಡಬ್ಬಿತನಕ ಹೋಗೂದ್ರಾಗ ಮನಸು ಬದ್ಲಾಗ್ತಿತ್ತು. ಬಸ್ ಹತ್ತಿಬಿಟ್ರ ನಡುವ ಇಳಿಯಾಕ ಬರಂಗಿಲ್ಲ ನೋಡು.”

ಇಷ್ಟು ಹೇಳಿ ಇನ್ನೊಂದು ಹಿಡಿ ಶೇಂಗಾ ಎತ್ತಿಕೊಂಡಳು. ಕಾಯಿಲೆ ಹತ್ತಿದಂದಿನಿಂದ ನನಗೆ ಅಳು ಬಂದಿರಲಿಲ್ಲ. ಬೇಕೆಂದರೂ ಬರುತ್ತಿರಲಿಲ್ಲ. ಅಂದು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಅನ್ನಪೂರ್ಣ ಗಾಬರಿಯಾಗಿ ಕೈಯಲ್ಲಿದ್ದದ್ದನ್ನು ಚೆಲ್ಲಿ ಏಳಲು ಹೋದಳು. ನಾಗತ್ತೆ ಅವಳ ತೋಳು ಹಿಡಿದು ಕೂರಿಸಿದಳು.

“ಸುಮ್ಮನ ಸುಲಿ ನೀ” ಎಂದಳು. “ನನಗೂ ಮೊದ್ಲು ತಿರುಗಿ ಬಂದದ್ದು ಅಳುನಽ.”